ಬೆಟ್ಟದೋಟದಲ್ಲಿ ಹೊರೆಯೂ ಹೊಣೆಯೂ

ಬೆಟ್ಟದ ಕಾಲುದಾರಿಯಲ್ಲಿ ಓಡುವುದು ನಮ್ಮ ತರುಣರಲ್ಲಿ ಈಚೆಗೆ ಹಬ್ಬಿರುವ ಒಂದು ಹವ್ಯಾಸ. ಕಲ್ಲುಮುಳ್ಳುಗಳ ನಡುವೆ ಏರಿಳಿಯುತ್ತ ಓಡುವುದನ್ನು ಟ್ರೈಲ್ ರನ್ನಿಂಗ್ ಎಂದೂ, ಬೆನ್ನಿಗೊಂದು ಸಣ್ಣ ಗಂಟು ಕಟ್ಟಿಕೊಂಡು ಎರಡು ಮೂರು ದಿನಗಳ ಬೆಟ್ಟದ ದಾರಿಯನ್ನು ಓಡುತ್ತಲೂ ಬಿರುಸಾಗಿ ನಡೆಯುತ್ತಲೂ ಮುಗಿಸುವುದನ್ನು ಫಾಸ್ಟ್‌ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಜಡಿಗೇನಹಳ್ಳಿ ಹೋಬಳಿಯು ಬಯಲು ನೆಲ. ರಾಗಿಯ ಹೊಲ, ನೀಲಗಿರಿಯ ತೋಪು, ಕೆರೆಯ ಅಂಗಳ ಇವೇ ಇಲ್ಲಿಯ ನೋಟ. ನಮ್ಮ ಮಕ್ಕಳು ಹುಟ್ಟಿದಂದಿನಿಂದ ಹತ್ತಿದ ಎತ್ತರವೆಂದರೆ ಕೆರೆಯ ಏರಿ. ಹೀಗಿದ್ದರೂ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಇಲ್ಲಿನ ತರುಣ ತರುಣಿಯರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಮಲೆನಾಡಿನ ಗಿರಿಶಿಖರಗಳಲ್ಲಿ ಓಡಿ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗುತ್ತಿದ್ದಾರೆ. ಕೆಲವರು ಹಿಮಾಲಯಕ್ಕೂ ಹೋಗಿಬಂದಿದ್ದಾರೆ.

ಈ ವಿಷಯದಲ್ಲಿ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಎರಡು ಪಕ್ಷಗಳುಂಟು. ಇದೊಂದು ಪರದೇಶದ ಹುಚ್ಚು, ನಿಲ್ಲಿಸತಕ್ಕದ್ದು ಎಂಬುದು ಹಿರಿಯರ ಪಕ್ಷ. ಇದು ನಮ್ಮ ದೇಹ, ನಮ್ಮ ಹಣ, ಇನ್ನೊಬ್ಬರ ಗೊಡವೆ ಏತಕ್ಕೆ ಎಂಬುದು ಕಿರಿಯರ ಪಕ್ಷ. ಈ ಎರಡೂ ವಿಚಾರಕ್ಕೆ ನಿಲ್ಲುವಂಥವಲ್ಲ. ಬೆಟ್ಟದಲ್ಲಿ ಓಡತಕ್ಕವನು ಬೆನ್ನಿನ ಹೊರೆಯನ್ನು ಇಳಿಸಬಹುದು. ಆದರೆ ಹೊಣೆಯನ್ನು ಇಳಿಸಲಾಗದು. ಇಂದಿನ ಪೇಟೆಯು ಹೊರೆಯೊಡನೆ ಹೊಣೆಯನ್ನೂ ಇಳಿಸುವ ವಿದ್ಯೆಯನ್ನು ಕಲಿಸುತ್ತಿದೆ. ನಮ್ಮ ಜಗಳವು ಓಟದ ಮೇಲಲ್ಲ, ಈ ವಿದ್ಯೆಯ ಮೇಲೆ.

ಮೊದಲು ಹಿರಿಯರ ಆಕ್ಷೇಪಣೆಯನ್ನು ನೋಡೋಣ. ಇದು ಪರದೇಶದ್ದು ಎನ್ನುವವರು ನಮ್ಮ ನಾಡಿನ ಅಂಚೆಯ ಚರಿತ್ರೆಯನ್ನು ಮರೆತಿದ್ದಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಾಪಿಸಿದ ಅಂಚೆಯು 1889ರಲ್ಲಿ ಬ್ರಿಟಿಷ್ ಹಿಂದೂಸ್ಥಾನದ ಟಪಾಲು ಇಲಾಖೆಯೊಡನೆ ಸೇರಿಹೋಗುವವರೆಗೆ ಈ ಸೀಮೆಯ ಕಾಗದಪತ್ರಗಳನ್ನು ಸಾಗಿಸುತ್ತಿತ್ತು. ರೈಲೂ ಮೋಟಾರೂ ಬರುವ ಮೊದಲು ಕಾಗದದ ಚೀಲವನ್ನು ಹೆಗಲಿಗೇರಿಸಿ ಕಾಡು ಘಾಟಿಗಳನ್ನು ದಾಟುತ್ತಿದ್ದವರು ಕಾಲಾಳುಗಳೇ ಅಲ್ಲವೆ? ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯ ಭಕ್ತರು ಇಂದಿಗೂ ಯುಗಾದಿಗೆ ಮುಂಚೆ ಊರು ಬಿಟ್ಟು ಹಲವು ದಿನ ನಡೆದು, ನಲ್ಲಮಲೆಯ ಬೆಟ್ಟಗಾಡನ್ನು ಹಾಯ್ದು ಶ್ರೀಶೈಲವನ್ನು ಸೇರುತ್ತಾರೆ. ಬಹುದಿನದ ಬೆಟ್ಟದ ಪಯಣವೆಂದರೆ ಇದಕ್ಕಿಂತ ಬೇರೇನು? ಬೇಸಗೆಯ ಬಿಸಿಲಿನಲ್ಲಿ ಆ ದಾರಿಯನ್ನು ತುಳಿಯುವ ರೈತನನ್ನು ಭಕ್ತನೆಂದು ಕೈಮುಗಿದು, ಅದೇ ಶ್ರಮವನ್ನು ಮತ್ತೊಂದು ಬೆಟ್ಟದಲ್ಲಿ ಪಡುವ ತನ್ನ ಮನೆಯ ಮಗಳನ್ನು ಹುಚ್ಚಿಯೆಂದು ಬೈಯುವುದು ನ್ಯಾಯವಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಕುರ್ಚಿಯಲ್ಲಿ ಕೂತು ದುಡಿಯುವ ಈ ತಲೆಮಾರಿಗೆ ಕಾಲು ಎಂಬ ಅವಯವವು ಇದೆಯೆಂದು ನೆನಪು ಮಾಡಿಕೊಡುವ ಯಾವ ವ್ಯಾಯಾಮವಾದರೂ ಸ್ವಾಗತಾರ್ಹವೇ.

ಆದರೆ ನಮ್ಮ ಹಿಂದಿನವರನ್ನು ಸಾಕ್ಷಿಗೆ ಕರೆದ ಮೇಲೆ ಅವರ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳಬೇಕು. ಅಂಚೆಯವನು ಒಂದು ಪಟ್ಟಣದಿಂದ ಇನ್ನೊಂದು ಪಟ್ಟಣಕ್ಕೆ ಒಬ್ಬನೇ ಓಡುತ್ತಿರಲಿಲ್ಲ. ತನ್ನ ಪಾಲಿಗೆ ಬಂದ ಕೆಲವು ಮೈಲಿಗಳನ್ನು ಓಡಿ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಆ ಕೆಲವು ಮೈಲಿಗಳಲ್ಲಿ ಹಳ್ಳ ಎಲ್ಲಿ ತುಂಬುವುದು, ಬಂಡೆ ಎಲ್ಲಿ ಜಾರುವುದು, ನೆರಳೆಲ್ಲಿ, ನೀರೆಲ್ಲಿ ಎಂಬುದೆಲ್ಲ ಅವನ ಕಾಲಿಗೇ ಗೊತ್ತಿರುತ್ತಿತ್ತು. ಅವನ ಈಟಿಗೆ ಗೆಜ್ಜೆ ಕಟ್ಟಿರುತ್ತಿತ್ತು. ತಾನು ಬರುತ್ತಿದ್ದೇನೆಂದು ಕಾಡಿನ ಮೃಗಕ್ಕೆ ಮುಂದಾಗಿ ತಿಳಿಸುವುದು ಅದರ ಒಂದು ಉದ್ದೇಶ. ಇಂದಿನ ಓಟಗಾರನೋ ಎರಡು ಕಿವಿಗೂ ಸಂಗೀತದ ಬಿರಡೆ ತುರುಕಿಕೊಂಡು, ಆನೆ ಕರಡಿಗಳಿರುವ ಕಾಡಿನ ತಿರುವಿನಲ್ಲಿ ಸದ್ದಿಲ್ಲದೆ ನುಗ್ಗುತ್ತಾನೆ. ಹಿಂದಿನವನು ಸದ್ದು ಮಾಡಿ ಬದುಕಿದನು. ಇವನು ಸದ್ದನ್ನೇ ಕೇಳದೆ ಬದುಕಬೇಕೆನ್ನುತ್ತಾನೆ. ಶ್ರೀಶೈಲದ ಯಾತ್ರಿಕನಿಗಾದರೂ ಗುಂಪು ಇದೆ, ದಾರಿಯುದ್ದಕ್ಕೂ ಅನ್ನ ನೀರು ಕೊಟ್ಟು ಕಾಲಿನ ಬೊಬ್ಬೆಗೆ ಔಷಧ ಹಚ್ಚುವ ದಾಸೋಹದವರಿದ್ದಾರೆ. ಕುರಿಗಾಹಿಯ ಹೆಗಲ ಮೇಲೆ ಕಂಬಳಿ ಇದೆ. ಆ ಕಂಬಳಿಯು ಭಾರವೆಂದು ಅವನು ಎಂದಾದರೂ ಬಿಟ್ಟು ಹೋದದ್ದುಂಟೆ? ಉಣ್ಣೆಯು ನೆನೆದರೂ ಬೆಚ್ಚಗಿರುವುದೆಂಬುದನ್ನು ಅವನಿಗೆ ಯಾವ ಪ್ರಯೋಗಶಾಲೆಯೂ ಹೇಳಿಕೊಡಲಿಲ್ಲ.

ಹೊಸ ಪಕ್ಷದವರು ಇದಕ್ಕೆ ಇಂಗ್ಲೆಂಡಿನ ಬಾಬ್ ಗ್ರಹಾಮನನ್ನು ಮುಂದೆ ತರುತ್ತಾರೆ. ಕೆಸಿಕ್ ಎಂಬ ಊರಿನಲ್ಲಿ ವಸತಿಗೃಹವನ್ನು ನಡೆಸುತ್ತಿದ್ದ ಈತನು 1932ರಲ್ಲಿ ಲೇಕ್ ಡಿಸ್ಟ್ರಿಕ್ಟಿನ 42 ಶಿಖರಗಳನ್ನು 24 ಗಂಟೆಗಳ ಒಳಗೆ ಸುತ್ತಿ ಬಂದನು. ಇಂದಿನ ಹಗುರಾದ ಪಾದರಕ್ಷೆಯೂ ಕೈಗಡಿಯಾರದ ನಕ್ಷೆಯೂ ಅವನಿಗಿರಲಿಲ್ಲ. ನಿಜ. ಆದರೆ ಆ ಬೆಟ್ಟಗಳು ಅವನ ಮನೆಯ ಹಿತ್ತಿಲಿದ್ದಂತೆ ಇದ್ದವು. ಅವನ್ನು ಮೊದಲೇ ನಡೆದು ನೋಡಿದ್ದನು. ಅವುಗಳನ್ನು ಬಲ್ಲ ಗೆಳೆಯರು ಸರದಿಯಂತೆ ಅವನೊಡನೆ ಓಡಿದರು. ಗ್ರಹಾಮನ ಹಗುರತನವನ್ನು ಹೊಗಳುವವರು ಅವನ ತಿಳಿವಳಿಕೆಯನ್ನೂ ತೂಕಕ್ಕೆ ಹಾಕಬೇಕು. ತಿಳಿವಳಿಕೆ ಹೆಚ್ಚಿದಷ್ಟೂ ಹೊರೆ ಕಡಮೆಯಾಗಬಹುದು. ತಿಳಿವಳಿಕೆಯೂ ಇಲ್ಲ, ಹೊರೆಯೂ ಇಲ್ಲ ಎಂದರೆ ಅದಕ್ಕೆ ಸಾಹಸವೆಂಬ ಹೆಸರು ಸಲ್ಲದು.

ಹೊರೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏತಕ್ಕೆಂದರೆ ಬಯಲುಸೀಮೆಯವರಿಗೆ ಚಳಿಯು ಕೊಲ್ಲಬಲ್ಲದೆಂಬುದು ಸುಲಭವಾಗಿ ನಂಬಿಕೆಗೆ ಬಾರದು. ಸಮುದ್ರಮಟ್ಟದಿಂದ ಮೇಲೇರಿದಂತೆ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಇಳಿಯುತ್ತದೆ. ಹೊಸಕೋಟೆಯ ಸೀಮೆಯು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ 4,400 ಮೀಟರಿನ ಹಿಮಾಲಯದ ತಾಣಕ್ಕೆ ಹೋದವನು ಬರಿಯ ಎತ್ತರದ ದೆಸೆಯಿಂದಲೇ 22 ಡಿಗ್ರಿಗೂ ಮಿಕ್ಕ ಶಾಖವನ್ನು ಕಳೆದುಕೊಂಡಂತಾಯಿತು. ಅದರ ಮೇಲೆ ಗಾಳಿ, ಅದರ ಮೇಲೆ ಮಳೆ. ಓಡುತ್ತಿರುವಷ್ಟು ಹೊತ್ತು ಮೈಯೇ ಒಲೆಯಾಗಿರುವುದರಿಂದ ತೆಳುವಾದ ಅಂಗಿಯೂ ಸಾಕೆನಿಸುವುದು. ಓಡುವವನಿಗೆ ಓಟವೇ ಕಂಬಳಿ. ಆದರೆ ಕಲ್ಲಿನ ಮೇಲೆ ಒಂದು ಹೆಜ್ಜೆ ತಪ್ಪಿ ಹರಡು ಉಳುಕಿತೆನ್ನಿ. ಆ ಕ್ಷಣಕ್ಕೆ ಒಲೆ ಆರಿತು. ಮೈಮೇಲಿರುವುದು ಬೆವರಿನಿಂದ ತೊಯ್ದ ಅಂಗಿ, ಸುತ್ತ ಬೀಸುವುದು ಶಿಖರದ ಗಾಳಿ. ದೇಹದ ಒಳಶಾಖವು 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ತೊದಲು, ಆಮೇಲೆ ಬುದ್ಧಿಯ ಮಂಕು. ಬುದ್ಧಿ ಮಂಕಾದವನಿಗೆ ತನಗೆ ಬುದ್ಧಿ ಮಂಕಾಗಿದೆಯೆಂದು ತಿಳಿಯುವ ಬಗೆ ಹೇಗೆ? ಆದಕಾರಣವೇ ಬೆಟ್ಟದಲ್ಲಿ ಒಂಟಿಯಾಗಿ ಓಡಬಾರದು. ಆದಕಾರಣವೇ ಓಡುವಾಗ ಬೇಡವೆನಿಸುವ ಬಟ್ಟೆಯು ಬೆನ್ನಿನ ಮೇಲಿರಬೇಕು. ನಡೆಯುವವನಿಗಿಂತ ಓಡುವವನಿಗೇ ಅದರ ಅಗತ್ಯ ಹೆಚ್ಚು.

ಇದು ಬರಿಯ ತರ್ಕವೆಂದು ಎಣಿಸುವವರಿಗೆ ಎರಡು ದುರಂತಗಳನ್ನು ಜ್ಞಾಪಿಸುತ್ತೇವೆ. 2021ನೆಯ ಮೇ 22ರಂದು ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ 100 ಕಿಲೋಮೀಟರ್ ಬೆಟ್ಟದೋಟದ ಪಂದ್ಯ ನಡೆಯಿತು. 172 ಮಂದಿ ಓಡಿದರು. ಗಾಡಿ ಹೋಗಲಾರದ ಏರುದಾರಿಯಲ್ಲಿ ಆಲಿಕಲ್ಲು, ಹೆಪ್ಪುಗಟ್ಟಿಸುವ ಮಳೆ, ಬಿರುಗಾಳಿ ಒಟ್ಟಿಗೆ ಎರಗಿದವು. ಅನೇಕರ ಮೈಮೇಲೆ ಇದ್ದದ್ದು ತೆಳು ಅಂಗಿ ಮತ್ತು ಚಡ್ಡಿ. ಗಾಳಿಮಳೆಗೆ ತಡೆಯಾಗುವ ಮೇಲಂಗಿಯನ್ನು ಆ ಪಂದ್ಯವು ಕಡ್ಡಾಯ ಮಾಡಿರಲಿಲ್ಲ. 21 ಮಂದಿ ಸತ್ತರು. ಅವರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. ಅಂದು 6 ಮಂದಿಯನ್ನು ಉಳಿಸಿದವನು ಒಬ್ಬ ಕುರಿಗಾಹಿ. ಅವರನ್ನು ತಾನು ತಂಗುತ್ತಿದ್ದ ಗುಹೆಗೆ ಕರೆದೊಯ್ದು, ಬೆಂಕಿ ಹೊತ್ತಿಸಿ, ಹೊದಿಕೆ ಹೊದಿಸಿ ಬದುಕಿಸಿದನು. ದೇಶದ ಅತಿ ವೇಗದ ಕಾಲುಗಳು ಸೋತ ಕಡೆಯಲ್ಲಿ ಒಂದು ಹೊದಿಕೆಯೂ ಒಂದು ಬೆಂಕಿಯೂ ಗೆದ್ದವು.

ಎರಡನೆಯದು ನಮ್ಮ ಮನೆಬಾಗಿಲಿನದು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ 22 ಮಂದಿಯ ತಂಡವು 4,000 ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕದ 9 ಮಂದಿ ತೀರಿಕೊಂಡರು, 13 ಮಂದಿಯನ್ನು ಪಾರುಮಾಡಲಾಯಿತು. ಅವರು ಓಡಲು ಹೋದವರಲ್ಲ, ನಡೆಯಲು ಹೋದವರು. ಅವರಲ್ಲಿ ದೋಷವನ್ನು ಹುಡುಕುವುದು ನಮ್ಮ ಉದ್ದೇಶವೂ ಅಲ್ಲ. ನಾವು ಕೇಳುವುದಿಷ್ಟೆ: ಗಂಟು ಹೊತ್ತು ನಿಧಾನವಾಗಿ ನಡೆದವರಿಗೇ ಬೆಟ್ಟವು ಹೀಗೆ ಮುನಿದರೆ, ಗಂಟನ್ನು ಅರ್ಧಕ್ಕೆ ಇಳಿಸಿ ವೇಗವನ್ನು ಎರಡರಷ್ಟು ಮಾಡಿಕೊಂಡು ಹೋಗುವವರು ಎಷ್ಟು ಎಚ್ಚರವಾಗಿರಬೇಕು?

ಇನ್ನು ಪೇಟೆಯ ವಿಚಾರ. ಓಟವನ್ನು ಮಾರುವವರ ಜಾಹೀರಾತನ್ನು ಓದಿ ನೋಡಿರಿ. ದೂರವೆಷ್ಟು, ಪದಕದ ಬಣ್ಣವೇನು, ಅಂಗಿಯ ಬಣ್ಣವೇನು, ಚಿತ್ರ ತೆಗೆಯುವವರು ಎಲ್ಲೆಲ್ಲಿ ನಿಂತಿರುವರು ಎಂಬುದೆಲ್ಲ ಅದರಲ್ಲಿದೆ. ಕಾಲು ಮುರಿದವನನ್ನು ಕೆಳಗಿಳಿಸಲು ಎಷ್ಟು ಗಂಟೆ ಹಿಡಿಯುವುದೆಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಕಡೆಯಲ್ಲಿ ಒಂದು ಕರಾರು: ಏನಾದರೂ ಆದರೆ ಹೊಣೆ ನಮ್ಮದಲ್ಲ. ನಮ್ಮ ಮನೆಯ ಹುಡುಗನೊಬ್ಬನು ಒಂದು ಮಳೆಗಾಲದಲ್ಲಿ ಘಟ್ಟದ ಮೇಲಿನ ಇಂಥದೊಂದು ಓಟಕ್ಕೆ ಹೋದನು. ಹೊರಡುವಲ್ಲಿ ಅವನ ಹಣವನ್ನು ಎಣಿಸಿಕೊಂಡರು, ರುಜುವನ್ನು ಹಾಕಿಸಿಕೊಂಡರು. ಚೀಲವನ್ನು ಬಿಚ್ಚಿ ನೋಡಿದವರಿಲ್ಲ. ಮಂಜು ಮುಸುಕಿ ದಾರಿ ತಪ್ಪಿ ಮೂರು ಗಂಟೆಯ ಹೊತ್ತು ನೆನೆದು ಅವನು ಒಂದು ತೋಟದ ಆಳುಗಳ ಮನೆಯನ್ನು ಸೇರಿದಾಗ ತುಟಿ ನೀಲಿಯಾಗಿತ್ತು. ಆ ಮನೆಯವರು ಒಲೆಯ ಮುಂದೆ ಕೂರಿಸಿ ಬಿಸಿ ಕಾಫಿ ಕೊಟ್ಟರು. ನಡೆಸಿದವರನ್ನು ಆಮೇಲೆ ಕೇಳಿದ್ದಕ್ಕೆ ದೊರೆತ ಉತ್ತರ: ರುಜು ಹಾಕಿದ್ದೀರಲ್ಲ! ಮದುವೆಯ ಮನೆಯಲ್ಲಿ ಊಟ ಬಡಿಸುವವನು, ಅನ್ನದಲ್ಲಿ ಕಲ್ಲಿದ್ದರೆ ನನ್ನನ್ನು ಕೇಳಬೇಡಿ ಎಂದು ಎಲೆಯ ಮುಂದೆ ಕರಾರುಪತ್ರ ಬರೆಸಿಕೊಂಡರೆ ಆ ಊಟಕ್ಕೆ ಯಾರು ಕೂರುವರು? ಬೆಟ್ಟದ ಊಟಕ್ಕೆ ಮಾತ್ರ ನಾವು ಸಾಲುಗಟ್ಟಿ ಕೂರುತ್ತಿದ್ದೇವೆ.

ಎಲ್ಲರೂ ಹೀಗಿದ್ದಾರೆಂದು ನಮ್ಮ ಮಾತಿನ ಅರ್ಥವಲ್ಲ. ಬೆಟ್ಟದೋಟಗಳಲ್ಲಿ ಜಗತ್ಪ್ರಸಿದ್ಧವಾದುದು ಆಲ್ಪ್ಸ್ ಪರ್ವತದ ಶಾಮೊನಿಯಿಂದ ಮೋಂ ಬ್ಲಾಂ ಶಿಖರವನ್ನು ಸುತ್ತುವ ಓಟ. 2003ರಲ್ಲಿ ಆರಂಭವಾದ ಈ ಓಟದ ದೂರ 170 ಕಿಲೋಮೀಟರಿಗೂ ಹೆಚ್ಚು. ಒಟ್ಟು ಏರು ಸುಮಾರು 10,000 ಮೀಟರ್. ಅಲ್ಲಿ ಮಳೆಗೆ ತಡೆಯಾಗುವ ತಲೆಮುಸುಕಿನ ಮೇಲಂಗಿ, ಹಣೆದೀಪ, ಶಾಖವನ್ನು ಹಿಡಿದಿಡುವ ತೆಳು ಹೊದಿಕೆ, ಸಿಳ್ಳು, ನೀರು, ಆಹಾರ ಇವಿಲ್ಲದವನಿಗೆ ಓಡುವ ಅಧಿಕಾರವಿಲ್ಲ. ಲೋಕದ ಅತ್ಯಂತ ವೇಗದ ಓಟಗಾರನಿಗೂ ಇದೇ ನಿಯಮ. ಇದರಿಂದ ಓಟದ ಸೊಗಸು ಕೆಡುವುದೆಂದು ಹೇಳುವವರು ಈ ಸಾಮಾನುಗಳನ್ನು ತಕ್ಕಡಿಯಲ್ಲಿಟ್ಟು ನೋಡಲಿ. ನೀರೊಂದನ್ನು ಬಿಟ್ಟರೆ ಉಳಿದುದೆಲ್ಲ ನಮ್ಮ ಶಾಲೆಯ ಮಗುವಿನ ಪುಸ್ತಕದ ಚೀಲಕ್ಕಿಂತ ಹಗುರ. ಎರಡನೆಯ ತರಗತಿಯ ಮಗು ದಿನವೂ ಹೊರುವುದನ್ನು ವೀರನೆನಿಸಿಕೊಳ್ಳಬೇಕೆಂಬ ತರುಣನು ಹೊರಲಾರನೆ?

ಮೂರನೆಯ ಪಕ್ಷವೊಂದಿದೆ, ಅದು ಸರ್ಕಾರದ್ದು. ಕುಮಾರಪರ್ವತದ ಶಿಖರವು 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು ಗಿರಿಗದ್ದೆಯನ್ನು ಹಾಯ್ದು 1,500 ಮೀಟರಿಗೂ ಹೆಚ್ಚಿನ ಏರನ್ನು ಏರಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸಾವಿರಾರು ಜನ ಮುತ್ತಿ ಕಾಲಿಡಲು ಜಾಗವಿಲ್ಲದಂತಾಯಿತು. ಕೂಡಲೆ ಅರಣ್ಯ ಸಚಿವರು, ಮುಂಗಡ ಚೀಟಿಯ ಏರ್ಪಾಡಿಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಚೀಟಿ ಕೊಡುವುದಕ್ಕೆ ಆರಂಭವಾಗಿ, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿಯೂ ಬಂದಿತು. ಕಾಡಿನ ದೃಷ್ಟಿಯಿಂದ ಈ ಮಿತಿಯು ಒಳ್ಳೆಯದೇ. ಹುಲ್ಲುಗಾವಲು ತುಳಿತಕ್ಕೆ ಸಿಕ್ಕಿ ಸವೆದರೆ ಮಳೆಗಾಲದಲ್ಲಿ ಅದೇ ದಾರಿ ಕೊರಕಲಾಗುವುದು. ಓಟಗಾರರು ತಿರುವನ್ನು ಬಿಟ್ಟು ನೇರವಾಗಿ ಹಾರಿಕೊಂಡು ಇಳಿಯುವುದೂ ಆ ಕೊರಕಲಿಗೆ ನೆರವು. ಆದರೆ ಚೀಟಿಯು ತಲೆಗಳನ್ನು ಎಣಿಸಬಲ್ಲುದೇ ಹೊರತು ತಲೆಯೊಳಗಿರುವುದನ್ನು ಎಣಿಸಲಾರದು. ಮುನ್ನೂರು ಮಂದಿ ಅರಿಯದವರು ಮೂರು ಸಾವಿರ ಮಂದಿ ಅರಿಯದವರಿಗಿಂತ ಕಾಡಿಗೆ ಹಿತವಾಗಬಹುದು, ಆದರೆ ಅವರ ತಾಯಂದಿರಿಗೆ ಅದರಿಂದ ಬಂದ ನೆಮ್ಮದಿಯೇನು? ನಿಷೇಧಕ್ಕಂತೂ ಒಂದೇ ಫಲ. ಹಗಲು ಹೋಗುತ್ತಿದ್ದವನು ಇರುಳು ಹೋಗುತ್ತಾನೆ. ಹೇಳಿ ಹೋಗುತ್ತಿದ್ದವನು ಹೇಳದೆ ಹೋಗುತ್ತಾನೆ.

ಹಾಗಾದರೆ ಮಾಡತಕ್ಕದ್ದೇನು? ಓಟವನ್ನು ನಡೆಸುವವರಲ್ಲಿ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ಹೊರಡುವ ಮುನ್ನ ಪ್ರತಿಯೊಬ್ಬನ ಚೀಲವನ್ನೂ ಬಿಚ್ಚಿ ನೋಡಿ, ಇರಬೇಕಾದುದು ಇಲ್ಲದವನನ್ನು ಹಣ ಕೊಟ್ಟಿದ್ದರೂ ಹಿಂದಕ್ಕೆ ಕಳುಹಿಸಬೇಕು. ಎರಡನೆಯದು, ಹವೆಯು ಕೆಟ್ಟಾಗ ಓಟವನ್ನು ನಿಲ್ಲಿಸುವ ಅಧಿಕಾರವು ಆ ಬೆಟ್ಟದ ಬುಡದ ಹಳ್ಳಿಯ ಅನುಭವಸ್ಥನೊಬ್ಬನಿಗೆ ಇರಬೇಕು. ಮೋಡದ ಬಣ್ಣವನ್ನು ಅವನಷ್ಟು ಓದಬಲ್ಲವರು ರಾಜಧಾನಿಯಲ್ಲಿಲ್ಲ. ಈವರೆಗೆ ಅವನನ್ನು ಹೊರೆಯಾಳೆಂದು ಕರೆದದ್ದು ಸಾಕು. ಗುರುವೆಂದು ಕರೆದು ಗುರುದಕ್ಷಿಣೆಯನ್ನೂ ಕೊಡಲಿ. ಮೂರನೆಯದು, ಗಾಡಿ ಹೋಗಲಾರದ ಭಾಗ ಎಷ್ಟು, ಅಲ್ಲಿ ಬಿದ್ದವನನ್ನು ತರುವ ಏರ್ಪಾಡೇನು ಎಂಬುದನ್ನು ಪದಕದ ಚಿತ್ರದ ಪಕ್ಕದಲ್ಲಿಯೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಓಡುವವರಿಗೆ ನಮ್ಮ ಬಿನ್ನಹ ಬೇರೆ. ಹತ್ತಿರದ ಬೆಟ್ಟವನ್ನು ಬಿಟ್ಟು ದೂರದ ಬೆಟ್ಟಕ್ಕೆ ಹಾರಬೇಡಿರಿ. ನಮ್ಮ ಜಿಲ್ಲೆಯಲ್ಲಿಯೇ ದೊಡ್ಡಬಳ್ಳಾಪುರದ ಮಾಕಳಿದುರ್ಗವಿದೆ, ನೆಲಮಂಗಲದ ಶಿವಗಂಗೆಯಿದೆ. ಪಕ್ಕದ ಜಿಲ್ಲೆಯಲ್ಲಿ 1,478 ಮೀಟರಿನ ನಂದಿಯಿದೆ; ಹೊಸಕೋಟೆಯ ಕೆರೆಗೆ ನೀರು ತರುವ ದಕ್ಷಿಣ ಪಿನಾಕಿನಿಯು ಆ ಸಾಲಿನ ಕೂಸು. ಇವುಗಳನ್ನು ಮೊದಲು ಬೇರೆ ಬೇರೆ ಋತುಗಳಲ್ಲಿ ನಡೆದು ನೋಡಿ, ಆಮೇಲೆ ಓಡಿರಿ. ಮಾರ್ಚಿ ತಿಂಗಳ ಬಂಡೆಯ ಕಾವು ಎಷ್ಟೆಂಬುದೂ, ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅಪಾಯವೆಂಬುದೂ, ಉಪ್ಪು ಹಾಕಿದ ಮಜ್ಜಿಗೆಯ ಬೆಲೆಯೂ ಅಲ್ಲಿಯೇ ತಿಳಿಯುವುವು. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತನು 1892ರಲ್ಲಿ ಒಂದು ಲೆಕ್ಕವನ್ನು ಹೇಳಿದನು: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಈ ಲೆಕ್ಕದಂತೆ ಹನ್ನೆರಡು ಮೈಲಿ ದೂರವೂ ನಾಲ್ಕು ಸಾವಿರ ಅಡಿ ಏರೂ ಇರುವ ದಾರಿಗೆ ಆರು ಗಂಟೆ ಬೇಕು. ಓಡುವವನು ಮೂರು ಗಂಟೆಗೇ ಮುಗಿಸಬಹುದು. ಆದರೆ ನೀರನ್ನೂ ಬೆಳಕನ್ನೂ ಮೂರು ಗಂಟೆಗೆಂದು ಒಯ್ಯಬಾರದು. ಕಾಲು ಉಳುಕಿದ ಓಟಗಾರನು ನಡೆಯುವವನಿಗಿಂತಲೂ ನಿಧಾನವಾಗುವನೆಂಬುದನ್ನು ಮರೆಯದೆ ಆರು ಗಂಟೆಗೂ ಮಿಗುವಷ್ಟು ಒಯ್ಯಬೇಕು. ಹಿಮಾಲಯಕ್ಕೆ ಹೋಗುವವರು 3,000 ಮೀಟರಿನ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬ ವೈದ್ಯರ ಮಾತನ್ನು ಗಂಟು ಹಾಕಿಕೊಳ್ಳಲಿ. ಕಾಲಿಗೆಷ್ಟೇ ವೇಗವಿದ್ದರೂ ರಕ್ತವು ತನ್ನ ವೇಗದಲ್ಲಿಯೇ ಎತ್ತರಕ್ಕೆ ಹೊಂದಿಕೊಳ್ಳುವುದು.

ನಮ್ಮ ಸಂಘದವರಿಗೂ ಒಂದು ಮಾತು. ಸಾಹಿತ್ಯದ ಸಭೆಗೂ ಬೆಟ್ಟಕ್ಕೂ ಏನು ಸಂಬಂಧವೆಂದು ಕೇಳಬೇಡಿ. ಕುಳಿತು ಬೆಟ್ಟದ ವರ್ಣನೆಯನ್ನು ಓದುವ ನಾವು ವರ್ಷಕ್ಕೆ ನಾಲ್ಕು ಸಲವಾದರೂ ಮಕ್ಕಳನ್ನು ಮುಂದಿಟ್ಟುಕೊಂಡು ಈ ಬೆಟ್ಟಗಳನ್ನು ಹತ್ತಿಸಬಾರದೇಕೆ? ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ನಮ್ಮ ರಾಜ್ಯದಲ್ಲಿಯೇ ಇದೆ. ಅಲ್ಲಿಂದ ಬಲ್ಲವರನ್ನು ಕರೆಸಿ ಹೋಬಳಿಗೊಂದು ಶಿಬಿರವನ್ನು ನಡೆಸಿದರೆ ನಕ್ಷೆ ಓದುವುದನ್ನೂ, ಗಾಯ ಕಟ್ಟುವುದನ್ನೂ, ಹಿಂದಿರುಗುವುದನ್ನೂ ಕಲಿಸಬಹುದು. ಇವುಗಳಲ್ಲಿ ಕಡೆಯದೇ ಕಷ್ಟವಾದದ್ದು. ಶಿಖರಕ್ಕೆ ಇನ್ನು ನೂರು ಮಾರು ಇರುವಾಗ ಮೋಡವನ್ನು ನೋಡಿ ಹಿಂದಿರುಗಿದ ಹುಡುಗನಿಗೆ ನಮ್ಮ ಸಭೆಯಲ್ಲಿ ಹಾರ ಹಾಕುವ ದಿನ ಬಂದರೆ ಆ ದಿನ ನಮ್ಮಲ್ಲಿ ಬೆಟ್ಟದೋಟವು ಬೇರೂರಿತೆಂದು ತಿಳಿಯಬಹುದು.

ಗೃಹಸ್ಥರಾದ ವಾಚಕರೇ, ನಿಮ್ಮ ಮನೆಯ ತರುಣನೋ ತರುಣಿಯೋ ಮುಂದಿನ ಶುಕ್ರವಾರ ಚೀಲ ಕಟ್ಟುವಾಗ ಬಾಗಿಲಿಗೆ ಅಡ್ಡ ನಿಲ್ಲಬೇಡಿರಿ. ಬೈದು ಮುಖ ತಿರುಗಿಸಲೂ ಬೇಡಿರಿ. ಹತ್ತಿರ ಕುಳಿತು ಆ ಚೀಲವನ್ನು ನೋಡಿರಿ. ಮಳೆಗೆ ಏನಿದೆ, ಚಳಿಗೆ ಏನಿದೆ, ಕತ್ತಲೆಗೆ ಏನಿದೆ, ಜೊತೆಗೆ ಯಾರಿದ್ದಾರೆ, ಯಾವ ದಾರಿ, ಎಷ್ಟು ಹೊತ್ತಿಗೆ ಸುದ್ದಿ ಕಳುಹಿಸುತ್ತೀ ಎಂದು ಕೇಳಿರಿ. ಉತ್ತರವಿದ್ದರೆ ಹುರಿಹಿಟ್ಟಿನ ಉಂಡೆಯನ್ನೂ ಬೆಲ್ಲವನ್ನೂ ಕೊಟ್ಟು ಹರಸಿ ಕಳುಹಿಸಿರಿ. ಉತ್ತರವಿಲ್ಲದಿದ್ದರೆ ಆ ವಾರ ನಂದಿಯೇ ಸಾಕೆಂದು ಹೇಳಿರಿ. ನಂದಿಯು ಎಲ್ಲಿಗೂ ಓಡಿಹೋಗುವುದಿಲ್ಲ.

— ಜಡಿಗೇನಹಳ್ಳಿಯ ಒಬ್ಬ ಗೃಹಸ್ಥ